ಅಂತರದೇಶೀಯ ದತ್ತು: ಸೊಲ್ಲಾಪುರ ಸೀಮೆಯ ಹಿನ್ನೆಲೆಯಲ್ಲಿ

ಒಂದು ದೇಶದಲ್ಲಿ ಹುಟ್ಟಿದ ಮಗುವನ್ನು ಬೇರೊಂದು ದೇಶದಲ್ಲಿ ನೆಲೆಸಿದ ದಂಪತಿಯೋ ಒಬ್ಬಂಟಿ ವ್ಯಕ್ತಿಯೋ ಕಾನೂನಿನ ಪ್ರಕಾರ ತಮ್ಮ ಮಗುವಾಗಿ ಸ್ವೀಕರಿಸಿ ತಮ್ಮಲ್ಲಿಗೆ ಕರೆದೊಯ್ಯುವುದನ್ನು ಅಂತರದೇಶೀಯ ದತ್ತು ಎನ್ನುತ್ತಾರೆ. ಭಾರತದ ಕಾನೂನು ಹೀಗೆ ಸ್ವೀಕರಿಸುವವರನ್ನು ಮೂರು ಬಗೆಯಾಗಿ ನೋಡುತ್ತದೆ: ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳು (ಎನ್‌ಆರ್‌ಐ), ಸಾಗರೋತ್ತರ ಭಾರತೀಯ ಪೌರತ್ವದ ಚೀಟಿ ಹೊಂದಿದವರು (ಒಸಿಐ), ವಿದೇಶೀಯರು. ಹೆಸರು, ಭಾಷೆ, ಊರು, ಪೌರತ್ವ ಇವೆಲ್ಲ ಒಟ್ಟಿಗೇ ಬದಲಾಗುವುದರಿಂದ ಊರೊಳಗಿನ ದತ್ತಿಗಿಂತ ಇದರಲ್ಲಿ ಹೆಚ್ಚಿನ ಎಚ್ಚರ ಬೇಕು. ಮಗುವಿಗಾಗಿ ಮನೆಯೋ, ಮನೆಗಾಗಿ ಮಗುವೋ ಎಂಬ ಪ್ರಶ್ನೆ ದತ್ತಿನ ಇಡೀ ಚರಿತ್ರೆಯಲ್ಲಿ ಹರಿದುಬಂದಿದೆ. ಆ ಪ್ರಶ್ನೆಯ ಎರಡೂ ತುದಿಗಳನ್ನು ಒಂದೇ ಜಿಲ್ಲೆಯೊಳಗೆ ಕಾಣಬಹುದಾದ ಪ್ರದೇಶ ಸೊಲ್ಲಾಪುರ.

ಸೊಲ್ಲಾಪುರದಿಂದ ಹೊರಟ ವಿಜಾಪುರ ರಸ್ತೆ ಟಾಕಳಿಯ ಬಳಿ ಭೀಮೆಯನ್ನು ದಾಟಿ ಧೂಳಖೇಡ, ಝಳಕಿ, ಹೊರ್ತಿಗಳ ಮೂಲಕ ವಿಜಯಪುರ ಸೇರುತ್ತದೆ. ಹೊಳೆಯ ಈಚೆಗೆ ಮಹಾರಾಷ್ಟ್ರ, ಆಚೆಗೆ ಕರ್ನಾಟಕ. ಮಾತು ಮಾತ್ರ ಎರಡೂ ದಂಡೆಯಲ್ಲಿ ಒಂದೇ. ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿ, ದುಧನಿ, ನಾಗಣಸೂರ, ತೋಳನೂರುಗಳಲ್ಲಿ ಮನೆಮಾತು ಕನ್ನಡ. ಸೊಲ್ಲಾಪುರದ ಪೇಟೆಯಲ್ಲಿ ಮರಾಠಿ, ಕನ್ನಡ, ನೇಕಾರರ ತೆಲುಗು, ಉರ್ದು ಬೆರೆತು ಕೇಳುತ್ತವೆ. ಇಲ್ಲಿನ ಆಸ್ಪತ್ರೆಯಲ್ಲಿಯೋ ಬಸ್‌ ನಿಲ್ದಾಣದಲ್ಲಿಯೋ ದೊರೆತ ಎಳೆಗೂಸು ಯಾವ ರಾಜ್ಯದ್ದು, ಅದರ ತಾಯಿಯ ಮಾತು ಯಾವುದು ಎಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಗಡಿಸೀಮೆಯ ದತ್ತಿನ ಕಾಗದಪತ್ರಗಳಲ್ಲಿ ಈ ಸಂಗತಿಗೆ ಬೇರೆಡೆಗಿಂತ ಹೆಚ್ಚಿನ ತೂಕ ಇರುವುದು ಇದೇ ಕಾರಣಕ್ಕೆ.

ಗಾದಿಗಾಗಿ ದತ್ತು

ಅಕ್ಕಲಕೋಟೆಯ ಸಂಸ್ಥಾನ ಹುಟ್ಟಿದ್ದೇ ಒಂದು ದತ್ತಿನಿಂದ. ಔರಂಗಜೇಬನು ತೀರಿಕೊಂಡ 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಗೊಂಡು ಶಾಹು ಮಹಾರಾಜ ಸ್ವದೇಶಕ್ಕೆ ಮರಳುತ್ತಿದ್ದಾಗ ಪಾರದ ಎಂಬ ಹಳ್ಳಿಯಲ್ಲಿ ಅವನ ದಂಡಿಗೂ ಊರವರಿಗೂ ಕಾಳಗ ನಡೆಯಿತು. ಕಾಳಗದಲ್ಲಿ ಊರ ಪಾಟೀಲ ಸಯಾಜಿ ಲೋಖಂಡೆ ಮಡಿದ. ಅವನ ಹೆಂಡತಿ ತನ್ನ ಪುಟ್ಟ ಮಗ ರಾಣೋಜಿಯನ್ನು ತಂದು ಶಾಹುವಿನ ಮುಂದೆ ಹಾಕಿ ರಕ್ಷಣೆ ಬೇಡಿದಳು. ಶಾಹು ಆ ಹುಡುಗನನ್ನು ಜೊತೆಯಲ್ಲಿ ಕರೆದೊಯ್ದು, ಗೆಲುವಿನ ನೆನಪಿಗೆ ಫತ್ತೇಸಿಂಗ ಎಂದು ಹೆಸರಿಟ್ಟು, ಭೋಸಲೆ ಮನೆತನದ ಅಡ್ಡಹೆಸರನ್ನೂ ಕೊಟ್ಟು ಮಗನಂತೆ ಬೆಳೆಸಿದ. ಮುಂದೆ ಅಕ್ಕಲಕೋಟೆಯನ್ನು ಅವನಿಗೆ ಬಿಟ್ಟುಕೊಟ್ಟ. ಅಲ್ಲಿನ ಭೋಸಲೆ ಅರಸರ ಮೂಲಪುರುಷ ಈ ಫತ್ತೇಸಿಂಗನೇ. ತಂದೆಯನ್ನು ಕೊಂದ ದಂಡಿನ ಒಡೆಯನ ಕೈಗೇ ಮಗನನ್ನು ಒಪ್ಪಿಸಬೇಕಾಗಿ ಬಂದ ತಾಯಿಯ ಹೆಸರನ್ನು ಚರಿತ್ರೆಕಾರರು ಹೇಳುವುದು ಅಪರೂಪ. ದತ್ತಿನ ಕಥನಗಳಲ್ಲಿ ಹೆತ್ತವಳು ಹೀಗೆ ಮರೆಯಾಗುವುದು ಮುಂದಿನ ಶತಮಾನಗಳಲ್ಲಿಯೂ ತಪ್ಪಲಿಲ್ಲ.

ರಾಜಮನೆತನಗಳ ದತ್ತು ಬಹುಮಟ್ಟಿಗೆ ಗಾದಿಯನ್ನು ಉಳಿಸಿಕೊಳ್ಳುವ ಉಪಾಯವಾಗಿತ್ತು. ಕಿತ್ತೂರಿನ ಶಿವಲಿಂಗಪ್ಪನ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದು 1824ರ ಕಾಳಗಕ್ಕೆ ದಾರಿಯಾಯಿತು. ಸಾತಾರೆಯ ಅರಸ 1848ರಲ್ಲಿ ತೀರಿಕೊಳ್ಳುವ ಮುನ್ನ ಮಾಡಿಕೊಂಡ ದತ್ತನ್ನು ಗವರ್ನರ್ ಜನರಲ್ ಡಾಲ್‌ಹೌಸಿ ತಿರಸ್ಕರಿಸಿ ರಾಜ್ಯವನ್ನು ನುಂಗಿದ. ಸಾತಾರೆಯ ಅಧೀನದಲ್ಲಿದ್ದ ಅಕ್ಕಲಕೋಟೆ ಆಗಲೇ ಬ್ರಿಟಿಷರ ನೇರ ಹಿಡಿತಕ್ಕೆ ಬಂತು. ಮೈಸೂರಿನಲ್ಲಿ ಮಾತ್ರ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ತೆಗೆದುಕೊಂಡ ದತ್ತು ಬಹಳ ಹೋರಾಟದ ನಂತರ ಮಾನ್ಯವಾಗಿ, 1881ರಲ್ಲಿ ದತ್ತುಪುತ್ರ ಚಾಮರಾಜೇಂದ್ರರಿಗೆ ರಾಜ್ಯ ಮರಳಿತು.

ಒಕ್ಕಲು ಮನೆಗಳಲ್ಲೂ ಉದ್ದೇಶ ಬೇರೆಯಾಗಿರಲಿಲ್ಲ. ಹೊಲಕ್ಕೆ ವಾರಸುದಾರ ಬೇಕು, ಕೊನೆಗಾಲದಲ್ಲಿ ಬೆಂಕಿಯೋ ಮಣ್ಣೋ ಕೊಡಲು ಒಬ್ಬ ಮಗ ಬೇಕು ಎಂದು ಅಣ್ಣನ ಮಗನನ್ನೋ ಭಾವನ ಮಗನನ್ನೋ ಕರೆತರುತ್ತಿದ್ದರು. ಹಳೆಯ ಮುಂಬಯಿ ಪ್ರಾಂತದ ರೂಢಿಯಲ್ಲಿ ವಯಸ್ಸಿಗೆ ಬಂದವನನ್ನೂ, ಮದುವೆಯಾಗಿ ಮಕ್ಕಳಿರುವವನನ್ನೂ ದತ್ತು ತೆಗೆದುಕೊಳ್ಳಬಹುದಿತ್ತು. 1956ರ ಹಿಂದೂ ದತ್ತಕ ಮತ್ತು ಪೋಷಣೆ ಕಾಯಿದೆ ದತ್ತುಮಗುವಿಗೆ 15 ವರ್ಷ ತುಂಬಿರಬಾರದು ಎಂದು ಗೆರೆ ಎಳೆದರೂ ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿತು. ಎಲ್ಲಿಯದೋ ಅನಾಥ ಕೂಸನ್ನು ಮನೆಗೆ ತರುವ ಆಲೋಚನೆ ಈ ಪರಂಪರೆಯೊಳಗೆ ಇರಲಿಲ್ಲ. ಅದು ಬಂದದ್ದು ಬೇರೆ ದಿಕ್ಕಿನಿಂದ.

ಪಂಢರಪುರದ ಬಾಲಕಾಶ್ರಮ

ಹತ್ತೊಂಬತ್ತನೆಯ ಶತಮಾನದಲ್ಲಿ ಮೇಲ್ಜಾತಿಯ ಬಾಲವಿಧವೆಯರಿಗೆ ಮರುಮದುವೆ ಇರಲಿಲ್ಲ. ಬಸಿರಾದವಳಿಗೆ ಉಳಿದಿದ್ದ ದಾರಿ ಎರಡೇ: ತಾನು ಸಾಯುವುದು, ಇಲ್ಲವೆ ಗುಟ್ಟಾಗಿ ಹೆತ್ತು ಕೂಸನ್ನು ಬಿಟ್ಟುಬಿಡುವುದು ಅಥವಾ ಕೊಲ್ಲುವುದು. ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ 1863ರಲ್ಲಿ ಇಂಥ ತಾಯಂದಿರ ಹೆರಿಗೆಗಾಗಿ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಅಲ್ಲಿಗೆ ಬಂದ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಯ ಮಗ ಯಶವಂತನನ್ನು 1874ರಲ್ಲಿ ತಮ್ಮ ಮಗನಾಗಿ ಸ್ವೀಕರಿಸಿದರು. ಅವನು ಮುಂದೆ ವೈದ್ಯನಾಗಿ 1897ರ ಪ್ಲೇಗಿನಲ್ಲಿ ತಾಯಿ ಸಾವಿತ್ರಿಬಾಯಿಯ ಜೊತೆಗೆ ರೋಗಿಗಳ ಸೇವೆ ಮಾಡಿದ. ಜಾತಿ, ಆಸ್ತಿ, ವಂಶ ಯಾವುದನ್ನೂ ಲೆಕ್ಕಿಸದೆ ಮಗುವಿಗಾಗಿಯೇ ಮಾಡಿದ ದತ್ತು ಅದು.

ಸೊಲ್ಲಾಪುರ ಜಿಲ್ಲೆಯ ಪಂಢರಪುರ ಯಾತ್ರೆಯ ಊರು. ದೂರದೂರದಿಂದ ವಿಧವೆಯರು ವಿಠ್ಠಲನ ದರ್ಶನದ ನೆಪದಲ್ಲಿ ಬಂದು ಹೆತ್ತು ಹೋಗುತ್ತಿದ್ದರು. ಅಲ್ಲಿ ಸಬ್‌ ಜಡ್ಜ್ ಆಗಿದ್ದ ಗುಜರಾತಿನ ಲಾಲಶಂಕರ ಉಮಿಯಾಶಂಕರರು ಇದನ್ನು ಕಂಡು 1875ರ ಸುಮಾರಿಗೆ ಬಿಟ್ಟುಹೋದ ಕೂಸುಗಳಿಗಾಗಿ ಒಂದು ಆಶ್ರಯ ಕಟ್ಟಿಸಿದರು. ಮರುವರ್ಷವೇ 1876–77ರ ಬರ ಬಿತ್ತು. ಈ ಸೀಮೆಯ ಹಿರಿಯರ ಬಾಯಲ್ಲಿ ಬಹುಕಾಲ ಉಳಿದ ಬರ ಅದು. ಹಸಿವಿನಿಂದ ತಂದೆತಾಯಿ ಕಳೆದುಕೊಂಡ ಮಕ್ಕಳೂ ಆಶ್ರಯಕ್ಕೆ ಬಂದರು. ಮುಂಬಯಿಯ ಪ್ರಾರ್ಥನಾ ಸಮಾಜ ಅದರ ಹೊಣೆ ಹೊತ್ತಿತು. ಸಮಾಜದ ಹಿರಿಯರಲ್ಲೊಬ್ಬರಾದ ವಾಸುದೇವ ಬಾಬಾಜಿ ನವರಂಗೆಯವರ ಹೆಸರಿನಲ್ಲಿ ಅದು ಇಂದಿಗೂ ನವರಂಗೆ ಬಾಲಕಾಶ್ರಮವಾಗಿ ನಡೆಯುತ್ತಿದೆ. ಒಂದೂವರೆ ಶತಮಾನ ಒಂದೇ ಊರಿನಲ್ಲಿ ತೊಟ್ಟಿಲು ತೂಗಿದ ಇಂಥ ಸಂಸ್ಥೆ ದೇಶದಲ್ಲಿ ವಿರಳ. ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಪುಣೆ, ಮುಂಬಯಿಗಳಿಗೆ ಸಿಕ್ಕ ಜಾಗ ಪಂಢರಪುರದ ಈ ಕೆಲಸಕ್ಕೆ ಸಿಕ್ಕಿಲ್ಲ, ಸಿಗಬೇಕಿತ್ತು.

1896–97 ಮತ್ತು 1899–1900ರ ಬರಗಳಲ್ಲಿ ಸೊಲ್ಲಾಪುರದಲ್ಲಿದ್ದ ಅಮೆರಿಕನ್ ಮರಾಠಿ ಮಿಷನ್ ಕೂಡ ಅನಾಥ ಮಕ್ಕಳನ್ನು ಸಾಕಿತು. ಅಮೆರಿಕದ ಭಕ್ತರು ಮಕ್ಕಳ ಖರ್ಚಿಗೆಂದು ಹಣ ಕಳಿಸುತ್ತಿದ್ದರು. ಆಗ ಕಡಲು ದಾಟಿದ್ದು ಹಣ ಮಾತ್ರ. ಮಕ್ಕಳು ಇಲ್ಲಿಯೇ ಬೆಳೆದರು.

ಕಡಲಾಚೆಗೆ

ಮಕ್ಕಳೇ ಕಡಲು ದಾಟತೊಡಗಿದ್ದು ಎರಡನೆಯ ಮಹಾಯುದ್ಧದ ನಂತರ. ಕೊರಿಯಾ ಯುದ್ಧದ ಅನಾಥರಲ್ಲಿ ಎಂಟು ಮಕ್ಕಳನ್ನು ಅಮೆರಿಕದ ಹೋಲ್ಟ್ ದಂಪತಿ 1955ರಲ್ಲಿ ದತ್ತು ಪಡೆದದ್ದು ಒಂದು ದೊಡ್ಡ ಚಲನೆಗೆ ನಾಂದಿಯಾಯಿತು. ಪಶ್ಚಿಮ ಯುರೋಪಿನಲ್ಲಿ ಗರ್ಭನಿರೋಧಕಗಳು ಬಂದು, ಮದುವೆಯಿಲ್ಲದ ತಾಯಂದಿರಿಗೆ ಸರ್ಕಾರದ ನೆರವು ಸಿಕ್ಕು, ಅಲ್ಲಿ ದತ್ತಿಗೆ ಸಿಗುವ ಮಕ್ಕಳು ಕಡಿಮೆಯಾದರು. ಸ್ವೀಡನ್, ನೆದರ್‌ಲ್ಯಾಂಡ್ಸ್, ಸ್ವಿಟ್ಜರ್‌ಲ್ಯಾಂಡ್, ಇಟಲಿ, ಸ್ಪೇನ್, ಅಮೆರಿಕಗಳ ದಂಪತಿಗಳು ಭಾರತದ ಅನಾಥಾಲಯಗಳ ಕಡೆ ನೋಡಿದರು.

ಆದರೆ ಭಾರತದಲ್ಲಿ ವಿದೇಶೀಯರು ದತ್ತು ಪಡೆಯಲು ಕಾನೂನೇ ಇರಲಿಲ್ಲ. 1956ರ ಕಾಯಿದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತಿತ್ತು. ಎಲ್ಲರಿಗೂ ಸಲ್ಲುವ ದತ್ತು ಮಸೂದೆಯನ್ನು 1972ರಲ್ಲೊಮ್ಮೆ, 1980ರಲ್ಲೊಮ್ಮೆ ಸಂಸತ್ತಿಗೆ ತಂದರೂ ಎರಡೂ ಸಲ ಬಿದ್ದುಹೋಯಿತು. ಹಾಗಾಗಿ ಬಳಸಿಕೊಂಡದ್ದು 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯನ್ನು. ವಿದೇಶೀ ದಂಪತಿ ನ್ಯಾಯಾಲಯದಿಂದ ಮಗುವಿನ ಪಾಲಕರಾಗಿ ನೇಮಕಗೊಂಡು, ದೇಶದ ಹೊರಗೆ ಒಯ್ಯುವ ಅನುಮತಿ ಪಡೆದು, ತಮ್ಮ ದೇಶದ ಕಾನೂನಿನಂತೆ ಅಲ್ಲಿ ದತ್ತು ಪೂರೈಸಬೇಕಿತ್ತು. ಇಲ್ಲಿಂದ ಹೊರಟ ಮಗು ಅಲ್ಲಿನ ಆದೇಶ ಬರುವವರೆಗೆ ಕಾನೂನಿನ ಕಣ್ಣಿನಲ್ಲಿ ಯಾರ ಮಗುವೂ ಆಗಿರಲಿಲ್ಲ. ನಡುವೆ ದಂಪತಿ ಮನಸ್ಸು ಬದಲಿಸಿದರೆ ಕೇಳುವವರಿರಲಿಲ್ಲ. ಅಮೆರಿಕದಲ್ಲಿ ಕೆಲವರ ಪೌರತ್ವದ ಕಾಗದವನ್ನು ಸಾಕಿದವರು ಪೂರ್ಣಗೊಳಿಸದೆ ಬಿಟ್ಟ ಪರಿಣಾಮ ದೊಡ್ಡವರಾದ ಮೇಲೆ ಗೊತ್ತಾಯಿತು. ಅಲ್ಲಿ 2001ರಲ್ಲಿ ಜಾರಿಗೆ ಬಂದ ಕಾನೂನು ದತ್ತುಮಕ್ಕಳಿಗೆ ತಾನಾಗಿಯೇ ಪೌರತ್ವ ಕೊಟ್ಟಿತು, ಆದರೆ ಆಗಲೇ 18 ವರ್ಷ ತುಂಬಿದವರನ್ನು ಹೊರಗಿಟ್ಟಿತು. ಮಗುವಾಗಿ ಮುಂಬಯಿಯಿಂದ ಹೋದ ಒಬ್ಬ ಮಹಿಳೆಯನ್ನು 2008ರಲ್ಲಿ, ಅವರ ಸ್ವಂತ ಮಕ್ಕಳನ್ನು ಅಲ್ಲಿಯೇ ಉಳಿಸಿ, ಭಾಷೆ ತಿಳಿಯದ ಭಾರತಕ್ಕೆ ಗಡೀಪಾರು ಮಾಡಲಾಯಿತು.

ವಿದೇಶಕ್ಕೆ ಹೋಗುವ ಮಕ್ಕಳ ಪಾಡಿನ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಕೊಟ್ಟ ತೀರ್ಪು ಭಾರತದ ಅಂತರದೇಶೀಯ ದತ್ತಿನ ತಳಪಾಯ. ಮೊದಲು ದೇಶದೊಳಗೆ ತಂದೆತಾಯಿ ಹುಡುಕಬೇಕು. ಸಿಗದಿದ್ದರೆ ಮಾತ್ರ ಹೊರಗೆ. ವಿದೇಶೀಯರು ನೇರವಾಗಿ ಬಂದು ಮಗು ಆರಿಸಿಕೊಳ್ಳುವಂತಿಲ್ಲ, ಅವರ ದೇಶದ ಮಾನ್ಯ ಸಂಸ್ಥೆಯ ಮೂಲಕವೇ ಅರ್ಜಿ ಬರಬೇಕು. ಅವರ ಮನೆ, ಆದಾಯ, ಆರೋಗ್ಯ, ಸ್ವಭಾವ ಕುರಿತ ಮನೆ ಅಧ್ಯಯನ ವರದಿ ಇರಬೇಕು. ಇಲ್ಲಿನ ನ್ಯಾಯಾಲಯಕ್ಕೆ ನೆರವಾಗಲು ದತ್ತು ಸಂಸ್ಥೆಗಿಂತ ಬೇರೆಯಾದ ಒಂದು ಪರಿಶೀಲನಾ ಸಂಸ್ಥೆ ಇರಬೇಕು. ಹೆತ್ತ ತಾಯಿಗೆ ಆಮಿಷ, ಒತ್ತಡ ಕೂಡದು. ಸಂಸತ್ತು ಮಾಡದ ಕಾನೂನನ್ನು ನ್ಯಾಯಾಲಯ ಹೀಗೆ ಮಾರ್ಗಸೂಚಿಯಾಗಿ ಬರೆಯಿತು. ತೀರ್ಪಿನ ಫಲವಾಗಿ 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಸಂಸ್ಥೆ (ಕಾರಾ) ಸ್ಥಾಪನೆಯಾಯಿತು. ಅಂತರದೇಶೀಯ ದತ್ತಿನ ಕುರಿತ 1993ರ ಹೇಗ್ ಒಡಂಬಡಿಕೆಯನ್ನು ಭಾರತ 2003ರಲ್ಲಿ ಅನುಮೋದಿಸಿತು. ಅದೇ ವರ್ಷ ಅಕ್ಟೋಬರ್ 1ರಿಂದ ಅದು ಇಲ್ಲಿ ಜಾರಿಯಲ್ಲಿದೆ.

ಇಷ್ಟು ಕಟ್ಟುಪಾಡಿದ್ದರೂ ಅಕ್ರಮ ನಿಲ್ಲಲಿಲ್ಲ. ವಿದೇಶದಿಂದ ಡಾಲರ್ ಬರುವಲ್ಲಿ ಮಗುವಿಗೆ ಬೆಲೆ ಬೀಳುತ್ತದೆ ಎಂಬುದು ಕಹಿ ಸತ್ಯ. 1999ರಿಂದ 2001ರವರೆಗೆ ಆಗಿನ ಆಂಧ್ರಪ್ರದೇಶದ ತೆಲಂಗಾಣ ಭಾಗದಲ್ಲಿ ಲಂಬಾಣಿ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಪುಡಿಗಾಸಿಗೆ ಕೊಂಡು ದತ್ತು ಸಂಸ್ಥೆಗಳಿಗೆ ಸಾಗಿಸಿದ ಜಾಲ ಬಯಲಾಯಿತು. ಹೈದರಾಬಾದಿನ ಗೀತಾ ರಾಮಸ್ವಾಮಿಯವರಂಥ ಕಾರ್ಯಕರ್ತರು ತಾಯಂದಿರ ಬಾಯಿಂದಲೇ ಸಂಗತಿಗಳನ್ನು ಹೊರತಂದರು. ಪುಣೆಯ ಒಂದು ದತ್ತು ಸಂಸ್ಥೆಯ ಮೇಲಿನ ದೂರುಗಳನ್ನು ಮುಂಬಯಿ ಹೈಕೋರ್ಟ್ 2010ರಲ್ಲಿ ಸಿಬಿಐ ತನಿಖೆಗೆ ಒಪ್ಪಿಸಿತು. ಹೆತ್ತವರಿಗೆ ತಿಳಿಯದ ಭಾಷೆಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ. ಕನ್ನಡ ಮಾತ್ರ ಬಲ್ಲ ತಾಯಿಯ ಮುಂದೆ ಮರಾಠಿ ಕಾಗದ ಬರಬಹುದಾದ ಗಡಿ ಜಿಲ್ಲೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಇಂದಿನ ಕ್ರಮ

ಈಗ ದತ್ತು ನಡೆಯುವುದು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯಿದೆ ಹಾಗೂ 2022ರ ದತ್ತು ನಿಯಮಗಳ ಪ್ರಕಾರ. ಇವು ಯಾವ ಧರ್ಮದವರಿಗೂ ಅನ್ವಯಿಸುತ್ತವೆ. ಸೊಲ್ಲಾಪುರ ಜಿಲ್ಲೆಯಲ್ಲಿ ಪಂಢರಪುರದ ಬಾಲಕಾಶ್ರಮ, ನಗರದ ಪಾಖರ ಸಂಕುಲದಂಥ ಸಂಸ್ಥೆಗಳು ವಿಶೇಷ ದತ್ತು ಸಂಸ್ಥೆಗಳಾಗಿ ಮಕ್ಕಳನ್ನು ನೋಡಿಕೊಳ್ಳುತ್ತವೆ. ತೀರ್ಮಾನದ ಅಧಿಕಾರ ಮಾತ್ರ ಅವುಗಳದ್ದಲ್ಲ.

ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಯೊಳಗೆ 1098 ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಮಗುವನ್ನು ಸಮಿತಿಯ ಮುಂದೆ ತಂದ ಮೇಲೆ ಹೆತ್ತವರ ಹುಡುಕಾಟ ಆರಂಭವಾಗುತ್ತದೆ. ಮಗುವಿನ ಭಾವಚಿತ್ರದೊಂದಿಗೆ ಪತ್ರಿಕಾ ಪ್ರಕಟಣೆ ಕೊಡಬೇಕು. ಮಗು ಬೇರೆ ರಾಜ್ಯದ್ದೆಂದು ತಿಳಿದರೆ ಅದರ ಮೂಲ ಸ್ಥಳದಲ್ಲಿ, ಅಲ್ಲಿನ ಭಾಷೆಯಲ್ಲಿ ಪ್ರಕಟಣೆ ಬರಬೇಕು. ವಿಜಾಪುರ ರಸ್ತೆಯ ಸೀಮೆಗೆ ಇಡೀ ನಿಯಮಾವಳಿಯಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಇಂಡಿ, ಚಡಚಣ, ಆಳಂದ, ಅಫಜಲಪುರ ಕಡೆಯಿಂದ ಹೆರಿಗೆಗೋ ಚಿಕಿತ್ಸೆಗೋ ಕೂಲಿಗೋ ಸೊಲ್ಲಾಪುರಕ್ಕೆ ಬರುವ ಹೆಂಗಸರು ಮರಾಠಿ ಪತ್ರಿಕೆ ಓದುವವರಲ್ಲ. ಮರಾಠಿಯಲ್ಲಷ್ಟೇ ಅಚ್ಚಾದ ಪ್ರಕಟಣೆ ಭೀಮೆಯ ಆಚೆಗಿನ ಅಜ್ಜಿಯನ್ನೋ ಸೋದರಮಾವನನ್ನೋ ತಲುಪುವುದಿಲ್ಲ. ಎರಡೂ ಭಾಷೆಗಳಲ್ಲಿ ಪ್ರಕಟಿಸುವುದು ಈ ಸೀಮೆಯ ಸಮಿತಿಗಳ ರೂಢಿಯೇ ಆಗಬೇಕು.

ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳು; ಅಷ್ಟರೊಳಗೆ ಹೆತ್ತವರು ಸಿಗದಿದ್ದರೆ ಸಮಿತಿ ಮಗುವನ್ನು ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಎಂದು ಘೋಷಿಸುತ್ತದೆ. ತಾಯಿಯೇ ಬಂದು ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಆಕೆಗೆ 60 ದಿನಗಳ ಅವಕಾಶವಿದೆ. ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟ ಹೆತ್ತವರನ್ನು ಬೇಕೆಂದೇ ಬಿಟ್ಟವರೆಂದು ಎಣಿಸಿ ಶಿಕ್ಷಿಸಬಾರದು ಎಂದು ಕಾಯಿದೆಯೇ ಹೇಳುತ್ತದೆ. ಈ ಒಂದು ಕಲಂ ಹಳ್ಳಿಹಳ್ಳಿಗೆ ಗೊತ್ತಾದರೆ ಮುಳ್ಳುಕಂಟಿಯಲ್ಲಿ, ಚರಂಡಿಯ ಪಕ್ಕದಲ್ಲಿ ಕೂಸು ಬಿಡುವವರು ಆಸ್ಪತ್ರೆಯ ಬಾಗಿಲಿಗೆ ಬಂದಾರು. ಕಾನೂನಿನ ಹೊರಗೆ ಮಗು ಕೊಟ್ಟು ತೆಗೆದುಕೊಂಡವರಿಗೆ ಮೂರು ವರ್ಷದವರೆಗೆ, ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಸೆರೆವಾಸವಿದೆ.

ಮುಕ್ತವೆಂದು ಘೋಷಿತವಾದ ಮಗುವಿನ ವಿವರ ಕಾರಾದ ಆನ್‌ಲೈನ್ ವ್ಯವಸ್ಥೆಗೆ ಸೇರುತ್ತದೆ. ಭಾರತದಲ್ಲಿರುವ ದಂಪತಿಗೆ ಮೊದಲ ಆದ್ಯತೆ; ಎನ್‌ಆರ್‌ಐಗಳಿಗೂ ಅವರಷ್ಟೇ ಸ್ಥಾನ. 60 ದಿನಗಳಲ್ಲಿ ಯಾರೂ ಸ್ವೀಕರಿಸದಿದ್ದರೆ ಮಗು ಅಂತರದೇಶೀಯ ದತ್ತಿಗೆ ಮುಕ್ತವಾಗುತ್ತದೆ. ಆದಷ್ಟೂ ಮಗುವಿನ ಸ್ವಂತ ಸಾಮಾಜಿಕ, ಸಾಂಸ್ಕೃತಿಕ ಪರಿಸರದಲ್ಲೇ ಮನೆ ಹುಡುಕಬೇಕೆಂಬುದು ನಿಯಮಗಳ ಮೂಲತತ್ವ.

ಹೊರದೇಶದ ಅರ್ಜಿದಾರರು ಅಲ್ಲಿನ ಅಧಿಕೃತ ಸಂಸ್ಥೆ ಅಥವಾ ಕೇಂದ್ರ ಪ್ರಾಧಿಕಾರದ ಮೂಲಕ ಬರಬೇಕು. ದಂಪತಿಗೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ, ಮಗುವಿಗೂ ಅವರಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು; ಮಗು ದೊಡ್ಡದಾದಂತೆ ಈ ಮಿತಿ 90, 100, 110ರವರೆಗೆ ಏರುತ್ತದೆ. ಒಬ್ಬಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಆಯ್ಕೆಯಾದ ಮೇಲೆ ಎರಡೂ ದೇಶಗಳ ಒಪ್ಪಿಗೆ, ಕಾರಾದ ನಿರಾಕ್ಷೇಪಣ ಪತ್ರ, ನಂತರ ಜಿಲ್ಲಾಧಿಕಾರಿಯ ಆದೇಶ. ಮೊದಲು ನ್ಯಾಯಾಲಯದ ಕೈಯಲ್ಲಿದ್ದ ಈ ಆದೇಶ 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗೆ ಬಂದಿದೆ. ಕೊಡಲು ಇರುವ ಗಡುವು ಎರಡು ತಿಂಗಳು. ಕೊನೆಗೆ ಹೇಗ್ ಒಡಂಬಡಿಕೆಯ 23ನೆಯ ವಿಧಿಯಂತೆ ದೃಢೀಕರಣ ಪತ್ರ, ಜನನ ಪತ್ರ, ಭಾರತದ ಪಾಸ್‌ಪೋರ್ಟ್. ಮಗು ಹೋದ ಮೇಲೆ ಎರಡು ವರ್ಷ ನಿಗಾ ಇರುತ್ತದೆ: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ವರದಿ.

ಕನ್ನಡ ಕುಟುಂಬಗಳಿಗೆ ಹೆಚ್ಚು ತೊಡಕಾಗುವುದು ಬಂಧುಗಳ ನಡುವಿನ ದತ್ತು. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ತಮ್ಮ, ಊರಿನಲ್ಲಿರುವ ಅಣ್ಣನ ಮಗುವನ್ನು ದತ್ತು ಕೇಳುತ್ತಾನೆ. ಹಿರಿಯರು ಸೇರಿ ಶಾಸ್ತ್ರ ಮಾಡಿ, ಉಪನೋಂದಣಿ ಕಚೇರಿಯಲ್ಲಿ ದತ್ತಕಪತ್ರ ಬರೆಸುತ್ತಾರೆ. ವೀಸಾಕ್ಕೆ ಹೋದಾಗ ಆ ಪತ್ರ ಸಾಲುವುದಿಲ್ಲ. ಹಿಂದೂ ದತ್ತಕ ಕಾಯಿದೆಯ ಪ್ರಕಾರ ನಡೆದ ದತ್ತಿಗೂ ಮಗುವನ್ನು ಹೊರಗೆ ಕರೆದೊಯ್ಯಲು ಕಾರಾದ ನಿರಾಕ್ಷೇಪಣ ಪತ್ರ ಬೇಕು; ಅದಕ್ಕೆ ಜಿಲ್ಲಾಧಿಕಾರಿಯ ಪರಿಶೀಲನೆ ಆಗಬೇಕು. ಈ ದಾರಿ ಸ್ಪಷ್ಟವಾದದ್ದೇ 2021ರಲ್ಲಿ. ಬಾಲನ್ಯಾಯ ಕಾಯಿದೆಯ ದಾರಿ ಹಿಡಿದರೆ ಬಂಧು ಎಂಬುದರ ವ್ಯಾಪ್ತಿ ಕಿರಿದು: ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಎರಡೂ ಕಡೆಯ ಅಜ್ಜ, ಅಜ್ಜಿ. ದೂರದ ನೆಂಟಸ್ತಿಕೆ ಇದರಲ್ಲಿ ಬರುವುದಿಲ್ಲ.

ಹೋಗುವ ಮಕ್ಕಳು

2010–11ರಲ್ಲಿ ದೇಶದೊಳಗೆ 5,693, ಹೊರದೇಶಗಳಿಗೆ 628 ಮಕ್ಕಳು ದತ್ತು ಹೋದರು. 2018–19ರಲ್ಲಿ ಈ ಸಂಖ್ಯೆಗಳು 3,374 ಮತ್ತು 653. 2024–25ರಲ್ಲಿ ಒಟ್ಟು 4,515 ದತ್ತುಗಳಲ್ಲಿ 4,155 ದೇಶದೊಳಗಿನವು. ಕೋಟಿಗಟ್ಟಲೆ ಮಕ್ಕಳಿರುವ ದೇಶದಲ್ಲಿ ಇವು ಸಣ್ಣ ಅಂಕಿಗಳು. ಭಾರತೀಯ ದಂಪತಿಗಳು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದಾರೆ. ಆದರೆ ಹೆಚ್ಚಿನವರು ಕೇಳುವುದು ಆರೋಗ್ಯವಾದ ಎಳೆಗೂಸನ್ನು. ಹೃದಯದಲ್ಲಿ ರಂಧ್ರವಿರುವ, ಕಿವಿ ಕೇಳದ, ಕಾಲು ತಿರುಚಿದ, ಬುದ್ಧಿ ನಿಧಾನವಾದ ಮಕ್ಕಳು, ಆರೇಳು ವರ್ಷ ದಾಟಿದವರು, ಬಿಡಿಸಬಾರದ ಅಣ್ಣತಂಗಿಯರು ಪಟ್ಟಿಯಲ್ಲೇ ಉಳಿಯುತ್ತಾರೆ. ಇಂಥವರನ್ನು ಕರೆದೊಯ್ಯುವವರಲ್ಲಿ ವಿದೇಶೀಯರದು ದೊಡ್ಡ ಪಾಲು. ಇಟಲಿಯ ಒಂದು ಊರಿನ ಶಾಲೆ, ಸ್ಪೇನಿನ ಒಂದು ಆಸ್ಪತ್ರೆ ನಮ್ಮ ಮಗುವನ್ನು ನಡೆಯುವಂತೆ ಮಾಡಿದ್ದರೆ ಅದಕ್ಕೆ ನಾವು ಋಣಿಗಳು. ಅಂಥ ಮಗುವಿಗೆ ಇಲ್ಲಿಯೇ ಒಂದು ಮನೆ ಸಿಗದೆ ಹೋದದ್ದು ನಮ್ಮ ಸಮಾಜದ ಕೊರತೆ ಎಂಬುದನ್ನೂ ಮುಚ್ಚಿಡಲಾಗದು.

ಭಾಷೆ ಮತ್ತು ಮೂಲ

ನಾಸಿಕ ಜಿಲ್ಲೆಯಲ್ಲಿ ಹುಟ್ಟಿ, ಮುಂಬಯಿಯ ಸನ್ಯಾಸಿನಿಯರ ಅನಾಥಾಲಯದಲ್ಲಿ ಬೆಳೆದು, 1974ರಲ್ಲಿ ಏಳರ ಹರೆಯದಲ್ಲಿ ಬಾರ್ಸಿಲೋನಾಕ್ಕೆ ಹೋದ ಆಶಾ ಮಿರೋ ಮುಂದೆ ಕ್ಯಾಟಲನ್ ಭಾಷೆಯಲ್ಲಿ ತಮ್ಮ ಕಥೆ ಬರೆದು ಹೆಸರಾದರು. ದೊಡ್ಡವರಾದ ಮೇಲೆ ಮಹಾರಾಷ್ಟ್ರಕ್ಕೆ ಮರಳಿ ಹುಡುಕಿದಾಗ ಅವರಿಗೆ ಒಡಹುಟ್ಟಿದ ಅಕ್ಕ ಸಿಕ್ಕಳು. ಆಕೆಯ ಹೆಸರೂ ಆಶಾ. ಅಷ್ಟು ಹೊತ್ತಿಗೆ ತಂಗಿಗೆ ಮರಾಠಿ ಮರೆತುಹೋಗಿತ್ತು.

ಮಗು ಮೊದಲ ಭಾಷೆಯನ್ನು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ವಿಜ್ಞಾನಿಗಳು ದತ್ತುಮಕ್ಕಳಲ್ಲೇ ಹೆಚ್ಚಾಗಿ ಅಭ್ಯಸಿಸಿದ್ದಾರೆ. ಮೂರರಿಂದ ಎಂಟು ವರ್ಷದೊಳಗೆ ಫ್ರಾನ್ಸಿಗೆ ಬಂದ ಕೊರಿಯಾದವರನ್ನು 2003ರಲ್ಲಿ ಪರೀಕ್ಷಿಸಿದಾಗ ಕೊರಿಯನ್ ಭಾಷೆಯ ಯಾವ ಗುರುತೂ ಉಳಿದಂತೆ ಕಾಣಲಿಲ್ಲ. ಆದರೆ 2014ರಲ್ಲಿ ಮಾಂಟ್ರಿಯಲ್ಲಿನ ಸಂಶೋಧಕರು ಎಳವೆಯಲ್ಲೇ ಫ್ರೆಂಚ್ ಮಾತಾಡುವ ಮನೆಗಳಿಗೆ ಬಂದ ಚೀನೀ ಹುಡುಗಿಯರಿಗೆ ಚೀನೀ ಸ್ವರಗಳನ್ನು ಕೇಳಿಸಿದರು. ಅವರಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ, ಆದರೂ ಚೀನೀ ಬಲ್ಲವರಲ್ಲಿ ಚುರುಕಾಗುವ ಮಿದುಳಿನ ಭಾಗವೇ ಅವರಲ್ಲೂ ಚುರುಕಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆದ ಕೊರಿಯಾದ ದತ್ತುಮಕ್ಕಳು ದೊಡ್ಡವರಾದ ಮೇಲೆ ಕೊರಿಯನ್ ಧ್ವನಿಗಳನ್ನು ಉಳಿದ ಡಚ್ಚರಿಗಿಂತ ಬೇಗ ಕಲಿತರೆಂದು 2017ರ ಅಧ್ಯಯನ ತೋರಿಸಿತು. ಮಾತು ಬರುವ ಮುನ್ನವೇ ಹೊರಟ ಮಕ್ಕಳಲ್ಲೂ ಆ ಅನುಕೂಲ ಕಂಡಿತು. ಹೀಗಿರುವಾಗ ಸೊಲ್ಲಾಪುರದ ಮಗುವಿನ ಕಡತದಲ್ಲಿ ಅದು ಯಾವ ಮಾತಿನ ನಡುವೆ ಮೊದಲ ತಿಂಗಳುಗಳನ್ನು ಕಳೆಯಿತು, ಕನ್ನಡವೋ ಮರಾಠಿಯೋ ತೆಲುಗೋ, ಎಂದು ಒಂದು ಸಾಲು ಬರೆದಿಡುವುದು ಸಣ್ಣ ಕೆಲಸವಲ್ಲ. ಇಪ್ಪತ್ತು ವರ್ಷದ ಮೇಲೆ ಆ ಸಾಲು ಹುಡುಕಿ ಬರುವವರಿಗೆ ಹೊಳೆಯ ಯಾವ ದಂಡೆಯಲ್ಲಿ ಕೇಳಬೇಕೆಂದು ಹೇಳುತ್ತದೆ.

ಹುಡುಕಿ ಬರುವವರು ಹೆಚ್ಚುತ್ತಿದ್ದಾರೆ. ಪುಣೆಯಲ್ಲಿ 1973ರಲ್ಲಿ ಹುಟ್ಟಿ ಜರ್ಮನಿಗೆ ದತ್ತು ಹೋದ ಅರುಣ್ ಡೋಹ್ಲೆ ತಮ್ಮ ಕಡತಕ್ಕಾಗಿ ಹಲವು ವರ್ಷ ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು, ಸುಪ್ರೀಂ ಕೋರ್ಟಿನವರೆಗೂ ಹೋದರು. ಪುಣೆಯ ಅಂಜಲಿ ಪವಾರ್ ಅವರ ಜೊತೆಗೂಡಿ ಮುಂದೆ ಬೇರೆ ದತ್ತುಮಕ್ಕಳ ಮೂಲದ ಹುಡುಕಾಟಕ್ಕೂ ನೆರವಾದರು. 1973ರಿಂದ 2002ರ ನಡುವೆ 2,278 ಭಾರತೀಯ ಮಕ್ಕಳು ಸ್ವಿಟ್ಜರ್‌ಲ್ಯಾಂಡಿಗೆ ಹೋಗಿದ್ದರು. ಜ್ಯೂರಿಕ್ ಮತ್ತು ತುರ್ಗೌ ಪ್ರಾಂತಗಳು ಮಾಡಿಸಿದ ಅಧ್ಯಯನದಲ್ಲಿ ಆಯ್ದು ನೋಡಿದ ಕಡತಗಳಲ್ಲಿ ಹೆತ್ತ ತಾಯಿಯ ಒಪ್ಪಿಗೆ ಪತ್ರಗಳೇ ಇರಲಿಲ್ಲ. ತಾಯಿಯ ಹೆಸರು ಬರೆಯದೆ ಬಿಟ್ಟದ್ದು ಆಕೆಯ ಮಾನ ಕಾಯಲು ಎಂದು ಆಗಿನವರು ನಂಬಿದ್ದಿರಬಹುದು. ಮಗುವಿನ ಪಾಲಿಗೆ ಅದರಿಂದ ಮುಚ್ಚಿದ ಬಾಗಿಲು ತೆರೆಯಲೇ ಇಲ್ಲ.

ದತ್ತು ನಡೆದ ದೇಶಗಳೂ ತಮ್ಮ ಕಡತಗಳನ್ನು ತಿರುಗಿ ನೋಡುತ್ತಿವೆ. 2004ರಲ್ಲಿ ಜಗತ್ತಿನಾದ್ಯಂತ ಸುಮಾರು 45,000ಕ್ಕೆ ಏರಿದ್ದ ಅಂತರದೇಶೀಯ ದತ್ತು ಈಗ ಕೆಲವು ಸಾವಿರಕ್ಕೆ ಇಳಿದಿದೆ. ನೆದರ್‌ಲ್ಯಾಂಡ್ಸ್ 2021ರಲ್ಲಿ ತಡೆ ಹಾಕಿ, 2024ರಲ್ಲಿ ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿತು. ಚೀನಾ 2024ರಲ್ಲಿ ಬಂಧುಗಳ ಹೊರತು ವಿದೇಶೀಯರಿಗೆ ಮಕ್ಕಳನ್ನು ಕೊಡುವುದನ್ನು ಕೈಬಿಟ್ಟಿತು. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ಹಿಂದಿನ ದತ್ತುಗಳಲ್ಲಿ ಮಕ್ಕಳ ಹಕ್ಕುಗಳು ಉಲ್ಲಂಘನೆಯಾದವೆಂದು ಹೇಳಿತು. ಅದೇ ವರ್ಷ ಸ್ವೀಡನ್ನಿನ ಆಯೋಗ ಹೊರದೇಶದ ದತ್ತನ್ನೇ ನಿಲ್ಲಿಸಲು ಶಿಫಾರಸು ಮಾಡಿತು. ಪೂರ್ತಿ ನಿಲ್ಲಿಸಿದರೆ ಇಲ್ಲಿ ಯಾರೂ ಕರೆದೊಯ್ಯದ ಕಿವುಡು ಮಗುವಿಗೆ, ಹನ್ನೆರಡರ ಹುಡುಗನಿಗೆ ಉಳಿಯುವುದು ಸಂಸ್ಥೆಯ ಗೋಡೆಗಳು ಮಾತ್ರ; ಭಾರತದ ಮಟ್ಟಿಗೆ ಬಾಗಿಲು ಮುಚ್ಚುವುದಕ್ಕಿಂತ ಬಿಗಿಯಾದ ಕಡತ, ಬಿಗಿಯಾದ ನಿಗಾ ಹೆಚ್ಚು ನ್ಯಾಯವಾದ ದಾರಿ.

ಮೂಲ ತಿಳಿಯಬಯಸುವ ದತ್ತುಮಕ್ಕಳಿಗೆ ಭಾರತದ ನಿಯಮಗಳಲ್ಲಿ ಅವಕಾಶವಿದೆ. 18 ತುಂಬಿದವರು ತಾವೇ, ಅದಕ್ಕಿಂತ ಚಿಕ್ಕವರು ದತ್ತು ತಂದೆತಾಯಿಯ ಜೊತೆಗೂಡಿ, ಕಾರಾಕ್ಕೋ ದತ್ತು ಕೊಟ್ಟ ಸಂಸ್ಥೆಗೋ ಮಕ್ಕಳ ರಕ್ಷಣಾ ಘಟಕಕ್ಕೋ ಬರೆಯಬಹುದು. ಸಂಸ್ಥೆ ತನ್ನಲ್ಲಿರುವ ಮಾಹಿತಿ ಕೊಡಬೇಕು: ಮಗು ಎಲ್ಲಿ, ಯಾವಾಗ, ಯಾವ ಸ್ಥಿತಿಯಲ್ಲಿ ಸಿಕ್ಕಿತು, ಯಾರು ತಂದರು. ಒಪ್ಪಿಸಿದ ತಾಯಿ ತನ್ನ ಗುರುತು ಗೋಪ್ಯವಾಗಿರಲಿ ಎಂದು ಬರೆದುಕೊಟ್ಟಿದ್ದರೆ ಆಕೆಯ ಒಪ್ಪಿಗೆ ಬೇಕು. ಮಗುವಿನ ಮೂಲ ತಿಳಿಯುವ ಹಕ್ಕು ತಾಯಿಯ ಖಾಸಗಿತನವನ್ನು ಮುರಿಯುವಂತಿಲ್ಲ. ಮೂರನೆಯವರ ಕೈಯಲ್ಲಿ ಹುಡುಕಿಸಲು ಅನುಮತಿ ಇಲ್ಲ. ದೂರದೇಶದಲ್ಲಿ ಭಾಷೆ ತಿಳಿಯದೆ ಇರುವವರಿಗೆ ಇದು ಕಠಿಣವಾದ ನಿಯಮ. ಹೇಗ್ ಒಡಂಬಡಿಕೆಯ 30ನೆಯ ವಿಧಿ ಮಗುವಿನ ಮೂಲದ ಮಾಹಿತಿಯನ್ನು, ವಿಶೇಷವಾಗಿ ತಂದೆತಾಯಿಯ ಗುರುತನ್ನೂ ವೈದ್ಯಕೀಯ ಇತಿಹಾಸವನ್ನೂ, ಕಾಪಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಸಂಸ್ಥೆ ಮುಚ್ಚಿದರೂ ಅದರ ಕಡತಗಳು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಉಳಿಯಬೇಕು. ದತ್ತು ಪಡೆದ ಮಗು ಹೊರದೇಶದ ಪ್ರಜೆಯಾದ ಮೇಲೆ ಒಸಿಐ ಚೀಟಿ ಪಡೆದು, ವೀಸಾ ಇಲ್ಲದೆ ಭಾರತಕ್ಕೆ ಬಂದು ಹೋಗಬಹುದು.